ಗಂಜಿಗೆ ಉಪ್ಪು ಹಾಕದ ವರ್ಷ

ತುಂಡು ಬಿದ್ದದ್ದು ಅಪ್ಪಯ್ಯನ ಆರಾಮ ಕುರ್ಚಿಯ ಮೇಲೆ. ಬೆಳಗಿನ ಆರು ಗಂಟೆ. ಮಾಮೂಲಿಯಾಗಿ ಆ ಹೊತ್ತಿಗೆ ಅವರು ಜಗಲಿಯಲ್ಲಿ ಅದೇ ಕುರ್ಚಿಯಲ್ಲಿ ಪೇಪರ್ ಹಿಡಿದು ಕೂತಿರುತ್ತಾರೆ. ಅವತ್ತು ಮಳೆಗೆ ಪೇಪರಿನ ಹುಡುಗ ತಡ ಮಾಡಿದ್ದ, ಅಪ್ಪಯ್ಯ ಇನ್ನೂ ಬಾವಿಕಟ್ಟೆಯ ಹತ್ತಿರವೇ ಇದ್ದರು. ದೋಸೆ ಕಾವಲಿಯಷ್ಟು ಅಗಲದ, ಎರಡು ಬೆರಳು ದಪ್ಪದ ಕಾಂಕ್ರೀಟು ಕುರ್ಚಿಯ ಬಟ್ಟೆ ಹರಿದುಕೊಂಡು ನೆಲಕ್ಕೆ ಬಿದ್ದಿತ್ತು.

"ಮಗಾ, ಮಾಡ್ ಬಿದ್ದ್‌ತ್" ಎಂದು ಅಮ್ಮ ಬೆಂಗಳೂರಿಗೆ ಫೋನ್ ಮಾಡಿದಾಗ ನಾನು ಹಳೆಯ ಕೊಟ್ಟಿಗೆಯ ಮಾಡು ಎಂದುಕೊಂಡೆ. ಆರ್‌ಸಿಸಿ ಮನೆಯ ಮಾಡು ಬೀಳುತ್ತದೆ ಎಂದು ಯಾರು ಅಂದುಕೊಳ್ಳುತ್ತಾರೆ?

ಅದು 2024ರ ಆಗಸ್ಟ್. ಅದೇ ತಿಂಗಳ 7ರ ನಡುರಾತ್ರಿ ಕಾರವಾರದಲ್ಲಿ ಕಾಳಿ ನದಿಯ ಹಳೆ ಸೇತುವೆ ಕುಸಿದು ಒಂದು ಲಾರಿ ಹೊಳೆಗೆ ಬಿದ್ದಿತ್ತು. ಆ ಸೇತುವೆಯ ಕಥೆ ಬೇರೆ, ನಮ್ಮ ಮನೆಯದು ಬೇರೆ. ಆದರೆ ಆ ವಿಡಿಯೊ ನೋಡಿದ ಮೇಲೆ ನಮ್ಮ ಕೇರಿಯವರೆಲ್ಲ ಒಂದು ವಾರ ಕತ್ತು ಮೇಲೆ ಮಾಡಿಕೊಂಡೇ ಓಡಾಡಿದರಂತೆ. ಅಪ್ಪಯ್ಯ ಮಾತ್ರ ಮೇಲೆ ನೋಡಿರಲಿಲ್ಲ. "ನಾನು ನಿಂತು ಮಾಡ್ಸಿದ ಸ್ಲ್ಯಾಬ್" ಎಂಬ ಹೆಮ್ಮೆ ಅವರದು.

ನಮ್ಮ ಮನೆ ಇರುವುದು ಕುಂದಾಪುರದ ಕೋಡಿಯಲ್ಲಿ. ಪಡುವಣಕ್ಕೆ ಅರ್ಧ ಕಿಲೋಮೀಟರ್ ದೂರದಲ್ಲಿ ಕಡಲು, ಬಡಗಣಕ್ಕೆ ಅಳಿವೆ, ಅಳಿವೆಯ ಆಚೆ ಗಂಗೊಳ್ಳಿ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಹತ್ತಿರ ಮಳೆ ಬೀಳುವ, ಉಳಿದ ದಿನ ಉಪ್ಪು ಗಾಳಿ ಬೀಸುವ ಊರು. ಹೊಸ ಸೈಕಲ್ ಎರಡು ಮಳೆಗಾಲಕ್ಕೆ ಬಣ್ಣಗೆಡುತ್ತದೆ, ಕಿಟಕಿಯ ಚಿಲಕ ಮೂರನೇ ವರ್ಷ ಬಿಗಿಯುತ್ತದೆ. ಅಂಥ ಊರಿನಲ್ಲಿ ಕಾಂಕ್ರೀಟಿನ ಒಳಗಿನ ಕಂಬಿ ಮಾತ್ರ ಸುಖವಾಗಿದೆ ಎಂದು ನಾವು ಮೂವತ್ತು ವರ್ಷ ನಂಬಿದ್ದೆವು.

ಪೂರ್ತಿ ನಂಬಿದ್ದೆವು ಎಂದರೆ ಸುಳ್ಳಾಗುತ್ತದೆ. 2019ರಲ್ಲಿ ಇದೇ ಜಗಲಿಯ ಸ್ಲ್ಯಾಬಿನ ಅಡಿಭಾಗ ಒಂದು ಕಡೆ ಉದುರಿತ್ತು. ಪರಿಚಯದ ಮೇಸ್ತ್ರಿ ಬಂದು ಸಡಿಲ ಇದ್ದದ್ದನ್ನು ಕೆರೆದು, ಕಾಣುತ್ತಿದ್ದ ಕಂಬಿಗೆ ರೆಡ್ ಆಕ್ಸೈಡ್ ಬಳಿದು, ಸಿಮೆಂಟಿಗೆ ಗಮ್ ಸೇರಿಸಿ ಗಾರೆ ಮಾಡಿ ಹೋದ. ಎರಡೇ ದಿನದ ಕೆಲಸ. ಮೇಲೆ ಸುಣ್ಣ ಬಿದ್ದ ಮೇಲೆ ಎಲ್ಲಿ ರಿಪೇರಿ ಆಗಿದೆ ಎಂದು ಹುಡುಕಬೇಕಾಗಿತ್ತು. ಈಗ ತುಂಡು ಬಿದ್ದದ್ದು ಆ ತೇಪೆಯದಲ್ಲ. ತೇಪೆ ಗಟ್ಟಿಮುಟ್ಟಾಗಿ ಅಲ್ಲೇ ಇದೆ. ಅದರ ಸುತ್ತ ಫೋಟೊಗೆ ಚೌಕಟ್ಟು ಹಾಕಿದ ಹಾಗೆ ಬಿರುಕು ಎದ್ದು, ಆ ಚೌಕಟ್ಟಿನ ಒಂದು ಮೂಲೆ ಕಳಚಿತ್ತು. ಇದು ಕಾಕತಾಳೀಯ ಎಂದುಕೊಂಡೆ. ಅಲ್ಲ ಎಂದು ತಿಳಿಯಲು ಎರಡು ತಿಂಗಳು ಹಿಡಿಯಿತು.

ಈ ಸಲ ಮೇಸ್ತ್ರಿಯನ್ನು ಕರೆಯಲಿಲ್ಲ. ಅಪ್ಪಯ್ಯನ ಹಳೆಯ ವಿದ್ಯಾರ್ಥಿ ಒಬ್ಬರಿದ್ದಾರೆ, ಬಂದರು ಮತ್ತು ಸೇತುವೆ ಕೆಲಸಗಳಲ್ಲಿ ಜೀವ ತೇದು ನಿವೃತ್ತರಾದ ಎಂಜಿನಿಯರ್. ಅರವತ್ತು ದಾಟಿದ್ದರೂ ಅಪ್ಪಯ್ಯನ ಎದುರು ಕುರ್ಚಿಯಲ್ಲಿ ಪೂರ್ತಿ ಒರಗಿ ಕೂರುವುದಿಲ್ಲ. ಅಕ್ಟೋಬರಿನಲ್ಲಿ ಮಳೆ ಸ್ವಲ್ಪ ಹಿಂದೆ ಸರಿದ ಮೇಲೆ ನಾನೂ ರಜೆ ಹಾಕಿ ಹೋದೆ. ಅವರು ಬಂದದ್ದು ಕೈಯಲ್ಲಿ ಒಂದು ಸಣ್ಣ ಸುತ್ತಿಗೆ, ಕಿಸೆಯಲ್ಲಿ ಶಾಲೆಯ ಸೀಮೆಸುಣ್ಣ ಹಿಡಿದುಕೊಂಡು.

ಮೊದಲ ದಿನ ಅವರು ಮಾಡಿದ್ದು ಇಷ್ಟೇ: ಏಣಿ ಹತ್ತಿ, ಮನೆಯ ಒಂದೊಂದು ಕೋಣೆಯ ತಾರಸಿಯ ಅಡಿಯನ್ನು ಗೇಣು ಗೇಣಿಗೆ ಬಡಿಯುತ್ತ ಹೋಗುವುದು. ಟಣ್, ಟಣ್, ಟಣ್, ಡಬ್. ಡಬ್ ಎಂದ ಕಡೆ ಸೀಮೆಸುಣ್ಣದಲ್ಲಿ ಸುತ್ತು. ಹಲಸಿನಹಣ್ಣು ಬಡಿದು ನೋಡುವುದಕ್ಕೂ ಇದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಕಣ್ಣಿಗೆ ಒಂದು ಕೂದಲೆಳೆ ಬಿರುಕೂ ಕಾಣದ ಜಾಗದಲ್ಲಿ ಡಬ್ ಎಂದಾಗ ಹೊಟ್ಟೆಯೊಳಗೆ ಏನೋ ಆಗುತ್ತದೆ. ಸಂಜೆಯ ಹೊತ್ತಿಗೆ ನಮ್ಮ ಮನೆಯ ತಾರಸಿಯ ಅಡಿ ಮಕ್ಕಳು ಬಿಡಿಸಿದ ಆಕಾಶದ ಹಾಗೆ ಹದಿನೇಳು ಚಂದ್ರರಿಂದ ತುಂಬಿತ್ತು. ಅಪ್ಪಯ್ಯ ಪ್ರತಿ ಸುತ್ತನ್ನೂ ಎಣಿಸಿದರು, ಏನೂ ಹೇಳಲಿಲ್ಲ.

ಎರಡನೇ ದಿನ ರಸಾಯನಶಾಸ್ತ್ರ. ಜಗಲಿಯಲ್ಲಿ ಹೊಸದಾಗಿ ಒಡೆದ ಕಾಂಕ್ರೀಟಿನ ಮೈಗೆ ಒಂದು ಬಾಟಲಿಯಿಂದ ಫಿನಾಫ್ತಲೀನ್ ಸಿಂಪಡಿಸಿದರು. ಕಾಂಕ್ರೀಟು ಹೊಸದಿರುವಾಗ ಸುಣ್ಣದ ನೀರಿನ ಹಾಗೆ ಕ್ಷಾರ, ಅದರ ಪಿಎಚ್ 12.5ರ ಮೇಲೆ. ಆ ಕ್ಷಾರದಲ್ಲಿ ಕಂಬಿಯ ಮೈಮೇಲೆ ಕಣ್ಣಿಗೆ ಕಾಣದ ಒಂದು ಪೊರೆ ಕಟ್ಟುತ್ತದೆ. ಅದು ಇರುವವರೆಗೆ ನೀರು, ಗಾಳಿ ತಾಗಿದರೂ ತುಕ್ಕು ಏಳುವುದಿಲ್ಲ. ಗಾಳಿಯ ಇಂಗಾಲದ ಡೈ ಆಕ್ಸೈಡ್ ವರ್ಷಕ್ಕೆ ಇಷ್ಟಿಷ್ಟೇ ಒಳಗಿಳಿದು ಆ ಕ್ಷಾರವನ್ನು ಸಪ್ಪೆ ಮಾಡುತ್ತ ಬರುತ್ತದೆ. ಪಿಎಚ್ 9ರ ಆಸುಪಾಸಿಗೆ ಇಳಿದರೆ ಪೊರೆ ನಿಲ್ಲುವುದಿಲ್ಲ. ದ್ರಾವಣ ಬಿದ್ದ ಕಡೆ ಕ್ಷಾರ ಉಳಿದ ಭಾಗ ಬೀಟ್‌ರೂಟ್ ಬೇಯಿಸಿದ ನೀರಿನ ಬಣ್ಣಕ್ಕೆ ತಿರುಗಿತು. ಅಡಿಯಿಂದ 18 ಮಿಲಿಮೀಟರ್‌ವರೆಗೆ ಬಣ್ಣವೇ ಇಲ್ಲ. ನಮ್ಮ ಕಂಬಿ ಇದ್ದದ್ದು 12 ಮಿಲಿಮೀಟರ್ ಆಳದಲ್ಲಿ.

"ಕವರ್ ಬ್ಲಾಕ್ ಇಟ್ಟಿರ್ಲಿಲ್ವಾ ಮಾಷ್ಟ್ರೆ?" ಎಂದು ಎಂಜಿನಿಯರ್ ಮೆತ್ತಗೆ ಕೇಳಿದರು.

"ಜಲ್ಲಿ ಕಲ್ಲು ಇಟ್ಟಿದ್ರ್" ಎಂದರು ಅಪ್ಪಯ್ಯ.

ಕಂಬಿಗೂ ಹೊರಮೈಗೂ ನಡುವೆ ಇರುವ ಕಾಂಕ್ರೀಟಿನ ದಪ್ಪವೇ ಕವರ್. ಅದು ಉಳಿಯಲೆಂದು ಕಂಬಿಯ ಅಡಿಗೆ ಇಡುವ ಸಣ್ಣ ಬಿಲ್ಲೆ ಕವರ್ ಬ್ಲಾಕ್. ಅದರ ಬದಲು ಜಲ್ಲಿ, ಆ ಕಾಲದಲ್ಲಿ ಎಲ್ಲರೂ ಹಾಗೇ ಮಾಡುತ್ತಿದ್ದರು. ಕಂಬಿ ಕಟ್ಟಿ ಮುಗಿದ ಮೇಲೆ ಅಡಿಗೆ ಅಲ್ಲೊಂದು ಇಲ್ಲೊಂದು ಜಲ್ಲಿ ತೂರಿಸುವುದು, ಕಾಂಕ್ರೀಟ್ ಹೊತ್ತು ತರುವವರು ಅದರ ಮೇಲೆ ನಡೆದಾಗ ಜಲ್ಲಿ ಉರುಳಿ ಕಂಬಿ ಹಲಗೆಗೆ ತಾಗುವುದು. ಕಂಬಿಯೂ ಆ ಕಾಲದ ಟಾರ್ ಸ್ಟೀಲ್, ಅಂದರೆ ತಿರುಚಿದ ಕಂಬಿ, ಈಗಿನ ಟಿಎಂಟಿ ಅಲ್ಲ.

ಇಲ್ಲಿಗೆ ಲೆಕ್ಕ ಮುಗಿಯಿತು, ಕವರ್ ಕಡಿಮೆ ಇದ್ದದ್ದೇ ಕಾರಣ ಎಂದು ನಾನು ಅಂದುಕೊಂಡೆ. ಆದರೆ ಎಂಜಿನಿಯರ್ ದೇವರ ಕೋಣೆಗೆ ಹೋದರು. ಅಲ್ಲಿ ಒಂದು ಸುತ್ತು ಇತ್ತು. ಒಳಮನೆ, ಕಡಲ ಗಾಳಿ ನೇರ ತಾಗದು, ಮಳೆನೀರು ಬಾರದು. ಅಲ್ಲಿ ಕೊರೆದು ದ್ರಾವಣ ಹಾಕಿದರೆ ಕಂಬಿಯ ಸುತ್ತ ಚೆನ್ನಾಗಿ ಕೆಂಬಣ್ಣ ಬಂತು. ಅಂದರೆ ಕ್ಷಾರ ಇದೆ. ಆದರೂ ಕಂಬಿಯ ಮೇಲೆ ಕರಿ ಕರಿ ತೂತು, ಇರುವೆ ಕಚ್ಚಿದ ಹಾಗೆ.

"ಇಲ್ಲಿ ಕಳ್ಳ ಬೇರೆ" ಎಂದರು. "ಇದು ಉಪ್ಪು."

ಉಪ್ಪಿನ ಕ್ಲೋರೈಡ್‌ಗೆ ಕ್ಷಾರ ಇಳಿಯುವವರೆಗೆ ಕಾಯುವ ತಾಳ್ಮೆ ಇಲ್ಲ. ಸಾಕಷ್ಟು ಸೇರಿತೆಂದರೆ ಪೊರೆಯನ್ನು ಅಲ್ಲಲ್ಲಿ ತೂತು ಮಾಡಿಬಿಡುತ್ತದೆ. ತುಕ್ಕು ಹುಟ್ಟಿದ ಮೇಲೆ ಅದು ಮೂಲ ಕಬ್ಬಿಣದ ಎರಡರಿಂದ ಆರು ಪಟ್ಟು ಜಾಗ ಕೇಳುತ್ತದೆ. ಬಂಡೆಯ ತೂತಿಗೆ ಮರದ ಬೆಣೆ ಹೊಡೆದು ನೀರು ಕುಡಿಸಿ ಸೀಳುತ್ತಿದ್ದರಲ್ಲ, ಅದೇ ಕೆಲಸ. ಕಾಂಕ್ರೀಟು ಒತ್ತುವುದಕ್ಕೆ ಜಗ್ಗುವುದಿಲ್ಲ, ಎಳೆತಕ್ಕೆ ಬಿರಿಯುತ್ತದೆ.

ಆಮೇಲೆ ಅವರು ಇನ್ನೊಂದು ಉಪಕರಣ ತೆಗೆದರು. ಪ್ಲಾಸ್ಟಿಕ್ ಕೊಳವೆ, ಒಳಗೆ ತಾಮ್ರದ ಸರಳು, ನೀಲಿ ನೀರು, ತುದಿಯಲ್ಲಿ ಸ್ಪಂಜು. ನೀಲಿ ನೀರು ಮೈಲುತುತ್ತದ್ದು, ಅಡಿಕೆಗೆ ಬೋರ್ಡೋ ಹೊಡೆಯಲು ಬಳಸುವುದೇ. ವೋಲ್ಟ್‌ಮೀಟರಿನ ಒಂದು ತಂತಿ ಒಡೆದು ಬಿಟ್ಟ ಕಂಬಿಗೆ, ಇನ್ನೊಂದು ಈ ಕೊಳವೆಗೆ. ಸ್ಪಂಜನ್ನು ಕಾಂಕ್ರೀಟಿಗೆ ಒತ್ತಿದರೆ ಅಂಕೆ ಬರುತ್ತದೆ. ಮೈನಸ್ 200 ಮಿಲಿವೋಲ್ಟ್‌ಗಿಂತ ಸೊನ್ನೆಯ ಕಡೆಗಿದ್ದರೆ ಅಲ್ಲಿ ಸದ್ಯ ತುಕ್ಕು ಇಲ್ಲ ಎಂಬುದಕ್ಕೆ ನೂರಕ್ಕೆ ತೊಂಬತ್ತು ಭರವಸೆ, ಮೈನಸ್ 350 ದಾಟಿದರೆ ಇದೆ ಎಂಬುದಕ್ಕೆ ತೊಂಬತ್ತು. ಊಟದ ಕೋಣೆಯ ನಡುವೆ ಮೈನಸ್ 160. 2019ರ ತೇಪೆಯ ಅಂಚಿನಲ್ಲಿ ಎಲ್ಲಿ ಇಟ್ಟರೂ 400ರ ಆಚೆ.

ಆಗ ಅವರು ತೇಪೆಯ ರಹಸ್ಯ ಹೇಳಿದರು. ಉಪ್ಪು ತುಂಬಿದ ಸ್ಲ್ಯಾಬಿನಲ್ಲಿ ತುಕ್ಕು ಹಿಡಿಯುವ ಜಾಗ ತಾನು ಸವೆಯುತ್ತ ಪಕ್ಕದ ಕಂಬಿಯನ್ನು ಕಾಯುತ್ತಿರುತ್ತದೆ. ಬ್ಯಾಟರಿ ಸೆಲ್ಲಿನಲ್ಲಿ ಸತುವಿನ ಡಬ್ಬಿ ಸವೆಯುವ ಹಾಗೆ. ನಾವು ಆ ಜಾಗವನ್ನಷ್ಟೇ ಕೆತ್ತಿ, ಉಪ್ಪಿಲ್ಲದ ಹೊಸ ಗಾರೆ ತುಂಬಿದೆವು. ಅಲ್ಲಿ ಸವೆತ ನಿಂತಿತು. ಈವರೆಗೆ ಅದರ ನೆರಳಲ್ಲಿದ್ದ ಪಕ್ಕದ ಕಂಬಿ, ಹಳೆಯ ಉಪ್ಪು ಕಾಂಕ್ರೀಟಿನಲ್ಲೇ ಕೂತಿರುವುದು, ಈಗ ಸವೆಯುವ ಸರದಿಗೆ ಬಂತು. "ಮನೆ ಸಾಲ ಎಲ್ಲಾ ದೊಡ್ಡಣ್ಣ ಕಟ್ತಾ ಇದ್ದ. ಅವ್ನನ್ನ ಬಿಡಿಸಿದ್ರಿ. ಸಾಲ ತೀರ್ಲಿಲ್ಲ, ತಮ್ಮನ ಬಾಗಿಲಿಗೆ ಬಂತು." ನನಗೆ ಪುಸ್ತಕದ ವಿವರಣೆಗಿಂತ ಇದು ಬೇಗ ಅರ್ಥವಾಯಿತು.

ಉಪ್ಪು ಎಲ್ಲಿಂದ ಬಂತು ಎಂಬುದಕ್ಕೆ ಆರು ಜಾಗದಲ್ಲಿ ಡ್ರಿಲ್ ಹಾಕಿ ಪುಡಿ ತೆಗೆದೆವು. ಮೊದಲ 10 ಮಿಲಿಮೀಟರ್‌ದು ಒಂದು ಪೊಟ್ಟಣ, ಮುಂದಿನ 10 ಇನ್ನೊಂದು, ಹೀಗೆ 50ರವರೆಗೆ. ಮಂಗಳೂರಿನ ಲ್ಯಾಬಿಗೆ ಹೋಯಿತು. ಗಾಳಿಯಿಂದ ಬಂದ ಉಪ್ಪಾದರೆ ಹೊರಗೆ ಹೆಚ್ಚು, ಒಳಗೆ ಹೋದಷ್ಟೂ ಕಡಿಮೆ. ಪಡುವಣದ ಸನ್‌ಶೇಡ್‌ನಲ್ಲಿ ಹಾಗೇ ಇತ್ತು. ದೇವರ ಕೋಣೆಯ ಪುಡಿಯಲ್ಲಿ ಮಾತ್ರ ಹೊರಗೂ ಒಳಗೂ ಒಂದೇ: ಘನ ಮೀಟರಿಗೆ 1.2, 1.3, 1.2 ಕೆಜಿ. ಕಾಂಕ್ರೀಟ್ ಕೆಲಸಕ್ಕಿರುವ ನಮ್ಮ ದೇಶದ ಐಎಸ್ 456 ಸಂಹಿತೆ ಒಪ್ಪುವುದು 0.6. ಒಂದೇ ಸಮ ಇದೆ ಎಂದರೆ ಉಪ್ಪು ಆಮೇಲೆ ಬಂದದ್ದಲ್ಲ, ಕಾಂಕ್ರೀಟ್ ಕಲಸಿದ ದಿನವೇ ಬಿದ್ದದ್ದು.

ನಾನು ವಾದಕ್ಕೆ ನಿಂತೆ. ನಮ್ಮ ಬಾವಿ ನೀರು ಒಳ್ಳೆಯದು, ನೀರಿನಲ್ಲಿ ಕರಗಿದ ಲವಣ ತೋರಿಸುವ ಟಿಡಿಎಸ್ ಮೀಟರನ್ನು ನಾನೇ ಬೆಂಗಳೂರಿನಿಂದ ತಂದು ಅದ್ದಿ ನೋಡಿದ್ದೆ, 180 ತೋರಿಸಿತ್ತು. ಎಂಜಿನಿಯರ್ ನಕ್ಕು, "ಇದು ಅಕ್ಟೋಬರ್ ಮಾರಾಯ. ಸ್ಲ್ಯಾಬ್ ಹಾಕಿದ್ದು ಯಾವಾಗ?" ಎಂದರು.

ಅಪ್ಪಯ್ಯ ಎದ್ದು ಒಳಗೆ ಹೋಗಿ ಕಪಾಟಿನಿಂದ ಮನೆ ಕಟ್ಟಿದ ಲೆಕ್ಕದ ಪುಸ್ತಕ ತಂದರು. ಉದ್ದ ಪುಸ್ತಕ, ಕೆಂಪು ಬಟ್ಟೆಯ ಬೆನ್ನು. ಗುಂಡಗಿನ ಮಾಸ್ತರ ಅಕ್ಷರ. ತಾವೇ ಓದಿದರು: "27-4-1994, ಬುಧವಾರ. ಸ್ಲ್ಯಾಬ್. ಹೊಯ್ಗೆ ಆರು ಲೋಡು, ದೋಣಿಯಲ್ಲಿ ಅಳಿವೆಯಿಂದ. ನೀರು ಸ್ವಂತ ಬಾವಿ. ಆಳು ಇಪ್ಪತ್ತೆರಡು, ಮಧ್ಯಾಹ್ನ ಗಂಜಿ ನಮ್ಮಲ್ಲೇ."

ಏಪ್ರಿಲ್ ಕೊನೆ. ಮಳೆಗಾಲದ ಮೊದಲು ಸ್ಲ್ಯಾಬ್ ಮುಗಿಸಿಬಿಡಬೇಕೆಂದು ಕರಾವಳಿಯಲ್ಲಿ ಎಲ್ಲರೂ ಓಡುವ ದಿನಗಳು. ಅದೇ ದಿನಗಳಲ್ಲಿ ಸಿಹಿನೀರು ಕೆಳಗಿಳಿದು ಬಾವಿಗೆ ಅಳಿವೆಯ ಉಪ್ಪು ಒಸರುತ್ತದೆ.

ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಅಮ್ಮ ಹೇಳಿದರು: "ಆ ವರ್ಷ ಗಂಜಿಗೆ ಉಪ್ಪೇ ಹಾಕ್ಲ. ನೀರಂಗೇ ಇದ್ದಿತ್. ಆಳ್‌ಗಳ್ ಎಂತ ಹದ ಅಮ್ಮ ಅಂದ್ರ್."

ಯಾರೂ ನಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅಪ್ಪಯ್ಯನೇ ಮೊದಲು ನಕ್ಕರು. ಎಂಜಿನಿಯರ್ ಪುಸ್ತಕದ ಹಿಂದಿನ ಖಾಲಿ ಹಾಳೆಯಲ್ಲಿ ಲೆಕ್ಕ ಮಾಡಿದರು. ಒಂದು ಘನ ಮೀಟರ್ ಕಾಂಕ್ರೀಟಿಗೆ ಸುಮಾರು 190 ಲೀಟರ್ ನೀರು. ಲೀಟರಿಗೆ 2 ಗ್ರಾಂ ಕ್ಲೋರೈಡ್ ಎಂದರೂ 380 ಗ್ರಾಂ ಆಯಿತು. ಸಂಹಿತೆಯ ಪ್ರಕಾರ ಕಂಬಿ ಇರುವ ಕಾಂಕ್ರೀಟಿನ ನೀರಿನಲ್ಲಿ ಲೀಟರಿಗೆ ಅರ್ಧ ಗ್ರಾಂ ದಾಟಬಾರದು. ಅಳಿವೆಯ ಒದ್ದೆ ಹೊಯ್ಗೆಯ, ಅಂದರೆ ಮರಳಿನ, ಪಾಲು ಇದರ ಮೇಲೆ. ಮತ್ತೆ ಹದಿನಾಲ್ಕು ದಿನ ಅದೇ ನೀರು ಕಟ್ಟೆ ಕಟ್ಟಿ ನಿಲ್ಲಿಸಿದ್ದು ಬೇರೆ. ಮುಂದಿನ ಏಪ್ರಿಲ್‌ನಲ್ಲಿ ನಾನು ಮತ್ತೆ ಮೀಟರ್ ಅದ್ದಿದೆ. 3,800.

ಇನ್ನು ಮಾಡುವುದೇನು? ಪೂರ್ತಿ ಒಡೆದು ಹೊಸದಾಗಿ ಹಾಕುವುದು ಒಂದು ದಾರಿ. ಎಂಜಿನಿಯರ್ ಅದನ್ನೂ ಮುಚ್ಚಿಡದೆ ಹೇಳಿದರು: ಒಳಗೆ ಸೇರಿದ ಉಪ್ಪನ್ನು ಹಿಂಡಿ ತೆಗೆಯಲು ಬಾರದು, ರಿಪೇರಿ ಎಂದರೆ ಹತ್ತು ಹದಿನೈದು ವರ್ಷ ಕೊಂಡುಕೊಳ್ಳುವುದು. ಅಪ್ಪಯ್ಯನಿಗೆ ಎಂಬತ್ತೊಂದು. "ಅಷ್ಟ್ ಸಾಕ್" ಎಂದರು.

ಪಡುವಣದ ಸನ್‌ಶೇಡನ್ನು ರಿಪೇರಿ ಮಾಡಲೇ ಇಲ್ಲ, ಕತ್ತರಿಸಿ ತೆಗೆದೆವು. ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಅತ್ಯಂತ ಜಾಣ ತೀರ್ಮಾನ ಅದು. ಕಡಲ ಎದುರು ಮೂರು ಇಂಚು ದಪ್ಪದ ಕಾಂಕ್ರೀಟ್ ನಾಲಿಗೆ ಚಾಚಿ ನಿಂತರೆ ಅದಕ್ಕೆ ಯಾವ ಮದ್ದೂ ಹೆಚ್ಚು ದಿನ ಬಾರದು. ಆ ಜಾಗಕ್ಕೆ ಹಂಚಿನ ಇಳಿಮಾಡು ಬಂತು. ತಾರಸಿಯ ಮೇಲೆ ಶೀಟಿನ ಮಾಡು ಎಬ್ಬಿಸಿದೆವು. ಕಾಂಕ್ರೀಟು ಒಣಗಿದ್ದಷ್ಟೂ ತುಕ್ಕಿನ ಓಟ ನಿಧಾನ.

ಕೆಲಸ ಶುರುವಾದದ್ದು ಡಿಸೆಂಬರ್ ಮೊದಲ ವಾರ. ಮೊದಲು ಸ್ಲ್ಯಾಬಿನ ಅಡಿಗೆ ಜಾಕಿ ಕೊಟ್ಟು ಭಾರ ಹೊರಿಸಿದರು. ನಾಲ್ವರು ಹುಡುಗರು, ಮೂವರು ಕೊಪ್ಪಳದ ಕಡೆಯವರು. ಗುರುತಿನ ಸುತ್ತ ಕಟರ್‌ನಿಂದ 10 ಮಿಲಿಮೀಟರ್ ಆಳಕ್ಕೆ ನೇರ ಗೆರೆ ಕೊಯ್ದರು. ಅಂಚು ಹಪ್ಪಳದ ಹಾಗೆ ತೆಳುವಾದರೆ ಹೊಸ ಗಾರೆ ಅಲ್ಲಿಂದಲೇ ಏಳುತ್ತದೆ. ಆಮೇಲೆ ಚಿಪ್ಪಿಂಗ್. ಇಲ್ಲಿಯೇ ದೊಡ್ಡ ಜಗಳ. ಕಂಬಿ ಕಂಡ ಕೂಡಲೇ ನಿಲ್ಲಿಸುವುದು ಎಲ್ಲ ಮೇಸ್ತ್ರಿಗಳ ಅಭ್ಯಾಸ. ಎಂಜಿನಿಯರ್ ಹಟ, ಕಂಬಿಯ ಹಿಂದೆ ಬೆರಳು ಹೋಗಬೇಕು, 20 ಮಿಲಿಮೀಟರ್ ಖಾಲಿ. ಇಲ್ಲದಿದ್ದರೆ ಕಂಬಿಯ ಹೊಟ್ಟೆ ಹೊಸ ಗಾರೆಯಲ್ಲಿ, ಬೆನ್ನು ಹಳೆಯ ಉಪ್ಪಿನಲ್ಲಿ. ಹಾಗೆಯೇ ಉದ್ದಕ್ಕೂ ತುಕ್ಕಿಲ್ಲದ ಕಂಬಿ ಒಂದಷ್ಟು ಕಾಣುವವರೆಗೆ ಕೆತ್ತುತ್ತ ಹೋಗಬೇಕು. ಹೀಗೆ ಹದಿನೇಳು ಸುತ್ತು ಕೂಡಿ ಎಂಟು ದೊಡ್ಡ ಕೆರೆಗಳಾದವು.

ಜಗಲಿಯ ಕಂಬಿಯನ್ನು ಒಬ್ಬ ಹುಡುಗ ಉಗುರಿನಿಂದ ಎಬ್ಬಿದ. ಪದರ ಪದರವಾಗಿ ಬಂತು. "ಇದು ಕಂಬಿ ಅಲ್ರೀ ಸರ, ಚಿರೋಟಿ ಆಗೇತಿ" ಎಂದ. ತುಕ್ಕು ಉಜ್ಜಿ ತೆಗೆದ ಮೇಲೆ ವರ್ನಿಯರ್ ಹಿಡಿದು ಅಳೆಯುವ ಕೆಲಸ ನನ್ನದು. 8 ಮಿಲಿಮೀಟರ್ ಕಂಬಿ 7ಕ್ಕೆ ಇಳಿದರೆ ಒಂದೇ ಮಿಲಿಮೀಟರ್ ಹೋಯಿತು ಎಂದು ಕಾಣುತ್ತದೆ. ಅಡ್ಡಕೊಯ್ತದ ಲೆಕ್ಕದಲ್ಲಿ ಹತ್ತಿರ ಹತ್ತಿರ ಕಾಲು ಭಾಗ ಹೋಗಿರುತ್ತದೆ. ಕಾಲು ಭಾಗ ಹೋದ ಕಡೆಗಳಲ್ಲಿ ಹೊಸ ಕಂಬಿಯನ್ನು ಗಟ್ಟಿ ಉಳಿದ ತುದಿಗಳ ಮೇಲೆ 40 ಸೆಂಟಿಮೀಟರ್ ಹಾಯಿಸಿ ಕಟ್ಟಿದರು. ಜಗಲಿಯ ಒಂದು ಕಂಬಿ 4.8 ತೋರಿಸಿತು. ಅಪ್ಪಯ್ಯ ಅದೇ ಕಂಬಿಯ ಕೆಳಗೆ ಎಷ್ಟು ವರ್ಷ ಪೇಪರ್ ಓದಿದರೋ.

ತುಕ್ಕನ್ನು ವೈರ್ ವೀಲ್‌ನಿಂದ ಉಜ್ಜಿದ ಮೇಲೆ ಕಂಬಿ ಹೊಳೆಯುತ್ತಿತ್ತು. ನಾನು ಆಯಿತು ಎಂದುಕೊಂಡೆ. ಮರುದಿನ ಬೆಳಗ್ಗೆ ನೋಡಿದರೆ ತೂತುಗಳಲ್ಲಿ ಒದ್ದೆ ಚುಕ್ಕೆಗಳು ಬೆವರಿದ ಹಾಗೆ ನಿಂತಿದ್ದವು. ತೂತಿನ ಬುಡದಲ್ಲಿ ಉಪ್ಪು ಉಳಿದಿದೆ ಎಂದರ್ಥ. ಟ್ಯಾಂಕರ್ ನೀರು ತರಿಸಿ, ಪಂಪ್ ಒತ್ತಡದಲ್ಲಿ ತೊಳೆದು, ಮತ್ತೆ ಉಜ್ಜಿ, ಮತ್ತೆ ತೊಳೆದರು. ನಮ್ಮ ಬಾವಿಯ ನೀರನ್ನು ಎಂಜಿನಿಯರ್ ಕೈಗೂ ಮುಟ್ಟಲಿಲ್ಲ, ಡಿಸೆಂಬರ್ ಆದರೂ.

ಆಮೇಲೆ ಬಂತು ಸತು. ಬಿಸ್ಕಿಟ್ ಆಕಾರದ ಸಿಮೆಂಟ್ ಬಿಲ್ಲೆ, ಒಳಗೆ ಸತುವಿನ ಗಟ್ಟಿ, ಎರಡು ಕಡೆ ತಂತಿಯ ಮೀಸೆ. ಅದನ್ನು ತೇಪೆಯ ಅಂಚಿನ ಉದ್ದಕ್ಕೂ ಎರಡು ಅಡಿಗೆ ಒಂದರಂತೆ ಕಂಬಿಗೆ ಬಿಗಿಯುವುದು. ಸವೆಯುವ ಸರದಿ ಪಕ್ಕದ ಕಂಬಿಗೆ ಬರುವ ಬದಲು ಇದಕ್ಕೆ ಬರಲಿ ಎಂದು. ನನಗೆ ಇದು ಏನೋ ಹೊಸ ತಂತ್ರಜ್ಞಾನ ಎನಿಸಿ ನೋಡಲು ಬಂದ ಪಕ್ಕದ ಮನೆಯ ಬೋಟಿನವರಿಗೆ ವಿವರಿಸಲು ಹೋದೆ. ಅವರು ಅರ್ಧಕ್ಕೇ ತಡೆದರು. "ಹ್ವಾಯ್, ನಮ್ ಬೋಟಿನ ಫ್ಯಾನ್ ಹತ್ರ ಜಿಂಕ್ ಕಟ್ತ್ರಲ್ದಾ, ಅದೇ ಅಲ್ದಾ ಇದ್?" ಅದೇ. ಮಳೆಗಾಲಕ್ಕೆ ಬೋಟು ಮೇಲೆ ಎಳೆದಾಗ ತಿಂದುಹೋದ ಜಿಂಕ್ ಬಿಚ್ಚಿ ಹೊಸದು ಹಾಕುವುದು ಗಂಗೊಳ್ಳಿಯಲ್ಲಿ ಎಲ್ಲರಿಗೂ ಗೊತ್ತು. ಇಂಗ್ಲೆಂಡಿನ ಹಂಫ್ರಿ ಡೇವಿ 1824ರಲ್ಲೇ ಹಡಗಿನ ತಳದ ತಾಮ್ರದ ತಗಡನ್ನು ಹೀಗೆ ಕಾಪಾಡಿ ತೋರಿಸಿದ್ದ. ತಾಮ್ರ ಉಳಿಯಿತು, ಆದರೆ ಅದರ ವಿಷ ಇಳಿಯುವುದು ನಿಂತು ಹಡಗಿನ ತಳಕ್ಕೆ ಚಿಪ್ಪುಜೀವಿ, ಪಾಚಿ ಮೆತ್ತಿ ಓಟವೇ ಕುಂದಿತು. ನೌಕಾಪಡೆ ಕೈಬಿಟ್ಟಿತು. ನಮ್ಮ ಜಗಲಿ ಎಲ್ಲಿಗೂ ಓಡಬೇಕಾಗಿಲ್ಲವಾದ್ದರಿಂದ ಆ ಚಿಂತೆ ಇಲ್ಲ.

ಬಿಲ್ಲೆ ಕೆಲಸ ಮಾಡಬೇಕಾದರೆ ತಂತಿ ಬೆತ್ತಲೆ ಕಂಬಿಗೆ ತಾಗಬೇಕು. ಮಲ್ಟಿಮೀಟರ್ ಇಟ್ಟು ನೋಡಿ, ಒಂದು ಓಮ್‌ಗಿಂತ ಹೆಚ್ಚು ಬಂದ ಕಡೆ ಬಿಚ್ಚಿ ಮತ್ತೆ ಕಟ್ಟಿದೆವು. ಎಡವಟ್ಟು ಆದದ್ದು ಅದರ ಮಾರನೇ ದಿನ. ಎಂಜಿನಿಯರ್ ಉಡುಪಿಗೆ ಹೋಗಿದ್ದರು. ಹಳೆಯದಕ್ಕೆ ಹೊಸ ಗಾರೆ ಅಂಟಲೆಂದು ಎಪಾಕ್ಸಿ ಬಳಿಯುವುದು ಮೇಸ್ತ್ರಿಗೆ ರೂಢಿ. ಡಬ್ಬಿ ಇತ್ತು, ಬ್ರಷ್ ಇತ್ತು. ಎರಡು ಕೆರೆಗಳ ಮೈಗೆಲ್ಲ, ಕಂಬಿ, ಬಿಲ್ಲೆ ಯಾವುದನ್ನೂ ಬಿಡದೆ ಬಳಿದುಬಿಟ್ಟರು. ನಾನು ಪಕ್ಕದಲ್ಲೇ ನಿಂತು, ಎಷ್ಟು ಚೊಕ್ಕ ಕೆಲಸ ಎಂದು ಫೋಟೊ ತೆಗೆದು ಎಂಜಿನಿಯರಿಗೆ ಕಳಿಸಿದೆ. ಹತ್ತು ಸೆಕೆಂಡಿಗೆ ಫೋನ್ ಬಂತು. ಎಪಾಕ್ಸಿ ಎಂದರೆ ವಿದ್ಯುತ್ತಿಗೆ ಗೋಡೆ. ಸತುವಿಗೂ ಹಳೆಯ ಕಾಂಕ್ರೀಟಿನ ಕಂಬಿಗೂ ನಡುವೆ ಕರೆಂಟ್ ಹರಿಯದಿದ್ದರೆ ಬಿಲ್ಲೆ ಸುಮ್ಮನೆ ಶೋಕಿಗೆ. ಎರಡು ದಿನ ಕೆರೆದು ತೆಗೆಯಬೇಕಾಯಿತು, ಆರು ಬಿಲ್ಲೆ ದಂಡ. ಮೇಸ್ತ್ರಿಯನ್ನು ಬೈಯುವಂತಿರಲಿಲ್ಲ. ಬೇರೆ ಮನೆಯಲ್ಲಿ, ಬಿಲ್ಲೆ ಇಲ್ಲದ ಕೆಲಸದಲ್ಲಿ, ಅವನು ಮಾಡಿದ್ದು ಸರಿಯೇ. ಇಲ್ಲಿ ಮಾಡಬೇಕಾದ್ದು ಹಳೆಯ ಮೈಯನ್ನು ನೀರು ಕುಡಿಸಿ, ಮೇಲಿನ ತೇವ ಆರಿದ ಹೊತ್ತಿಗೆ, ತುಂಬಲಿರುವ ಅದೇ ಪಾಲಿಮರ್ ಗಾರೆಯನ್ನು ಬ್ರಷ್‌ನಿಂದ ಗಸಗಸ ತಿಕ್ಕಿ, ಅದು ಹಸಿ ಇರುವಾಗಲೇ ಮೇಲಿನ ಪದರ ಒತ್ತುವುದು.

ತಲೆಯ ಮೇಲೆ ಗಾರೆ ನಿಲ್ಲಿಸುವುದು ನೋಡಲು ಚಂದ. ಒಂದೊಂದು ಸಲಕ್ಕೆ ಬೆರಳು ದಪ್ಪ, ಜೋರಾಗಿ ಎಸೆದು ಒತ್ತುವುದು. ದುರಾಸೆಗೆ ದಪ್ಪ ಹಾಕಿದರೆ ರೊಟ್ಟಿಯ ಹಾಗೆ ಜೋತು ಬೀಳುತ್ತದೆ. ಕ್ಯೂರಿಂಗ್ ಅದಕ್ಕಿಂತ ಕಷ್ಟ. ನೆಲಕ್ಕಾದರೆ ಒದ್ದೆ ಗೋಣಿ ಹಾಸಬಹುದು, ಮಾಡಿನ ಅಡಿಗೆ ಹೇಗೆ ಹಾಸುವುದು? ಔಷಧ ಹೊಡೆಯುವ ಪಂಪಿನಲ್ಲಿ ಮಂಜಿನಂತೆ ನೀರು ಸಿಂಪಡಿಸಿ, ಪ್ಲಾಸ್ಟಿಕ್ ಶೀಟನ್ನು ಅಂಚಿಗೆ ಅಂಟಿಸಿ ಮುಚ್ಚಿದೆವು, ಏಳು ದಿನ. ಬಚ್ಚಲುಮನೆಯಲ್ಲಿ ವಾಸ ಮಾಡಿದ ಹಾಗಿತ್ತು. ಒಟ್ಟು ಖರ್ಚು, ಶೀಟಿನ ಮಾಡು ಸೇರಿ, ನಾಲ್ಕು ಲಕ್ಷದ ಹತ್ತಿರ.

ಈ ನಡುವೆ ಬಾವಿಯ ಪಕ್ಕ ಒಂದು ಸಣ್ಣ ಪಂಪ್‌ಶೆಡ್ ಕಟ್ಟುವುದಿತ್ತು. ಅದಕ್ಕೆ ಹೊಸ ಸ್ಲ್ಯಾಬ್. ನಾನು ರಾತ್ರಿಯೆಲ್ಲ ಇಂಟರ್‌ನೆಟ್ ಓದಿ ಎಪಾಕ್ಸಿ ಲೇಪಿಸಿದ ಹಸಿರು ಕಂಬಿಯೇ ಬೇಕು ಎಂದು ಹಟ ಹಿಡಿದೆ. ಎಂಜಿನಿಯರ್ ಅಮೆರಿಕದ ಫ್ಲಾರಿಡಾ ಕೀಸ್ ದ್ವೀಪಗಳ ಕಥೆ ಹೇಳಿದರು. 1980ರ ಸುಮಾರಿಗೆ ಅಲ್ಲಿ ಕಡಲ ಮೇಲೆ ಕಟ್ಟಿದ ಸೇತುವೆಗಳಿಗೆ ಇಂಥದೇ ಕಂಬಿ ಹಾಕಿದ್ದರು, 1986ರ ಹೊತ್ತಿಗೇ ಅಲೆ ತಾಗುವ ಎತ್ತರದಲ್ಲಿ ತುಕ್ಕು ಕಾಣಿಸಿತು. ಸಾಗಿಸುವಾಗ, ಬಗ್ಗಿಸುವಾಗ ಲೇಪ ಗೀಚಿದರೆ ಆ ಗೀಚಿನಲ್ಲೇ ಉಪ್ಪು ಮನೆ ಮಾಡುತ್ತದೆ. "ನಮ್ಮ ಬಾರ್ ಬೆಂಡರ್ ಕಂಬಿಯನ್ನ ಲಾರಿಯಿಂದ ಹೇಗೆ ಇಳಿಸ್ತಾನೆ ನೋಡಿದ್ಯಲ್ಲ" ಎಂದರು. ದೆಹಲಿಯ ಕಮಲ ಮಂದಿರದ ಬಿಳಿ ದಳಗಳ ಒಳಗೆ ಸತು ಲೇಪಿಸಿದ ಕಂಬಿ ಇದೆ, ಬಿಳಿಯ ಮೇಲೆ ತುಕ್ಕಿನ ಕಲೆ ಬರಬಾರದೆಂದು. ಕಾರೈಕುಡಿಯ ಕೇಂದ್ರೀಯ ವಿದ್ಯುತ್‌ರಾಸಾಯನಿಕ ಸಂಶೋಧನಾ ಸಂಸ್ಥೆಯವರು ಸಿಮೆಂಟ್-ಪಾಲಿಮರ್ ಲೇಪವನ್ನೂ ಮಾಡಿದ್ದಾರೆ. ಎಲ್ಲಕ್ಕೂ ಅದರದರ ಜಾಗ ಇದೆ. ಪಂಪ್‌ಶೆಡ್ಡಿಗೆ ಬೇಕಾದ್ದು ಬೇರೆ: ಕಡಲ ತಡಿಗೆ ಸಂಹಿತೆ ಹೇಳುವ ಎಂ30 ದರ್ಜೆಯ ಗಟ್ಟಿ ಕಾಂಕ್ರೀಟು, ಸಿಮೆಂಟಿನ ತೂಕದ 0.45ಕ್ಕಿಂತ ಹೆಚ್ಚಿಲ್ಲದ ನೀರು, ಕಂಬಿಯ ಅಡಿಗೆ 45 ಮಿಲಿಮೀಟರ್ ಕವರ್. ನಾಲ್ಕು ಇಂಚಿನ ಸ್ಲ್ಯಾಬಿನಲ್ಲಿ 45 ಕವರಿಗೇ ಹೋದರೆ ಉಳಿಯುವುದೇನು? ಆರು ಇಂಚು ಮಾಡಿದೆವು.

ಕವರ್ ಬ್ಲಾಕನ್ನು ಅಪ್ಪಯ್ಯ ಒಂದು ವಾರ ಮುಂಚೆಯೇ ಎರಕ ಹೊಯ್ಯಿಸಿ ತೊಟ್ಟಿಯಲ್ಲಿ ನೆನೆಸಿಟ್ಟಿದ್ದರು. ಸ್ಲ್ಯಾಬಿನ ದಿನ ಕೋಲು ಹಿಡಿದು ಹಲಗೆಯ ಪಕ್ಕ ಕುರ್ಚಿ ಹಾಕಿ ಕೂತರು. ಯಾರಾದರೂ ಕಂಬಿಯ ಮೇಲೆ ಕಾಲಿಟ್ಟರೆ ಕ್ಲಾಸಿನಲ್ಲಿ ಕೂಗುತ್ತಿದ್ದ ಅದೇ ದನಿ. ಟ್ಯಾಂಕರ್ ಬಂದಾಗ ನಾನು ಮೀಟರ್ ತೆಗೆದೆ. ಅವರು ಪೈಪಿನಿಂದ ಬೊಗಸೆ ತುಂಬ ಹಿಡಿದು ಕುಡಿದು, ಬಾಯಿ ಚಪ್ಪರಿಸಿ, ಮೇಸ್ತ್ರಿಗೆ ಕೈ ಬೀಸಿದರು. ನನ್ನ ಮೀಟರ್ ಕಿಸೆಗೆ ವಾಪಸ್.

ಈ ಸಲದ ಮಳೆಗಾಲ ಕಳೆದ ಮೇಲೆ, 2025ರ ಅಕ್ಟೋಬರಿನಲ್ಲಿ, ಎಂಜಿನಿಯರ್ ಮತ್ತೆ ಸುತ್ತಿಗೆ ತಂದರು. ಎಂಟು ತೇಪೆಗಳೂ, ಅವುಗಳ ಅಂಚೂ ಟಣ್ ಎಂದವು. ಮೈಲುತುತ್ತದ ಕೊಳವೆ ಇಟ್ಟಾಗ ಅಂಚಿನ ಆಚೆಗಿನ ಹಳೆಯ ಕಾಂಕ್ರೀಟಿನಲ್ಲಿ ಅಂಕೆ ಬದಲಾಗಿತ್ತು. ಸತು ಎಳೆಯುತ್ತಿರುವಾಗ ಈ ಅಂಕೆಯನ್ನು ಮೊದಲಿನ ಹಾಗೆ ಓದಬಾರದು ಎಂದು ಅವರು ನನಗೆ ಮೊದಲೇ ಹೇಳಿದ್ದರಿಂದ ನಾನು ಗಾಬರಿಯಾಗಲಿಲ್ಲ. ಆದರೆ ಅಡುಗೆಮನೆಯಲ್ಲಿ, ನಾವು ಕೈಯೇ ಹಾಕದ ಮೂಲೆಯಲ್ಲಿ, ಒಲೆಯ ಮೇಲ್ಗಡೆ ಹೊಸದಾಗಿ ಒಂದು ಡಬ್.

ಸುತ್ತು ಬಿದ್ದಿದೆ, ಪಕ್ಕದಲ್ಲಿ ತಾರೀಕು ಬರೆದಿದ್ದೇವೆ. ಡಿಸೆಂಬರಿನಲ್ಲಿ ಕೊಪ್ಪಳದ ಹುಡುಗರು ಬರುತ್ತೇವೆ ಎಂದಿದ್ದಾರೆ. ಅಲ್ಲಿಯವರೆಗೆ ಅಮ್ಮ ಒಲೆಯನ್ನು ನಾಲ್ಕು ಅಡಿ ಆಚೆ ಜರುಗಿಸಿಕೊಂಡಿದ್ದಾರೆ. ಸುತ್ತನ್ನು ಮಾತ್ರ ಹೊಗೆ ಹಿಡಿಯದಂತೆ ವಾರಕ್ಕೊಮ್ಮೆ ಸೀಮೆಸುಣ್ಣದಿಂದ ತಿದ್ದುತ್ತಾರಂತೆ.